ಪತ್ರಾಸ್ ಕೆಳಗಿನ ಹಕ್ಕಿಗಳು

ಎಲ್ಲರಿಗೂ ನಮಸ್ಕಾರ. ಮಾಳಿಗೆ ಮೇಲೆ ಹಕ್ಕಿ ಸಾಕಲು ಗೂಡು ಕಟ್ಟಿಕೊಂಡವರು ಇವತ್ತು ಒಂದು ಕೆಲಸ ಮಾಡಿ. ಮಧ್ಯಾಹ್ನ 2.30ಕ್ಕೆ ಮೇಲೆ ಹತ್ತಿ, ಹಕ್ಕಿಗಳು ಕೂರುವ ಎಲ್ಲಕ್ಕಿಂತ ಮೇಲಿನ ಕೋಲಿನ ಪಕ್ಕ ಕೈ ಹಿಡಿದು ಐದು ನಿಮಿಷ ನಿಲ್ಲಿ. ಆ ಸೆಕೆ ನಿಮ್ಮ ಕೈಗೇ ತಡೆಯಲಾಗದಿದ್ದರೆ ಆ ಪುಟ್ಟ ಜೀವ ಅಲ್ಲಿ ಹೇಗೆ ಕೂತಿರಬೇಕು, ಅಲ್ವಾ?

ನಾನು ಯಾವತ್ತೂ ಹಾಗೆ ನಿಂತು ನೋಡಿರಲಿಲ್ಲ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಊರಿನಲ್ಲಿ ನೆಂಟರ ಮದುವೆ ಇತ್ತು. ಬೆಳಿಗ್ಗೆ ಕಾಳು ಹಾಕಿ, ನೀರಿನ ಬಾಟಲಿ ತುಂಬಿಸಿ ಹೋದೆವು. ಸಂಜೆ ಬಂದು ನೋಡಿದರೆ 14 ಬಜರಿಗರ್‌ಗಳಲ್ಲಿ, ಅದೇ ನಮ್ಮ ಕಡೆ ಎಲ್ಲರೂ ಲವ್ ಬರ್ಡ್ಸ್ ಅನ್ನುವ ಹಕ್ಕಿ, ಐದು ನೆಲದ ಮೇಲೆ ಬಿದ್ದಿದ್ದವು. ಉಳಿದವು ಕೆಳಗಿನ ಮೂಲೆಯಲ್ಲಿ ಕೊಕ್ಕು ತೆರೆದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತಿದ್ದವು. ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು. ಅಂಗೈಗೆ ಹಾಕಿಕೊಂಡೆ. ಜಳಕಕ್ಕೆ ಕಾಯಿಸಿದ ನೀರಿನ ಹಾಗಿತ್ತು. ನೀರು ಇಟ್ಟಿದ್ದೆನಲ್ಲ ಅಂತ ನನಗೆ ನಾನೇ ಎಷ್ಟು ಹೇಳಿಕೊಂಡರೂ ಆ ಬಿಸಿ ಇನ್ನೂ ಅಂಗೈಯಲ್ಲೇ ಇದೆ.

ತಪ್ಪು ಎಲ್ಲಿತ್ತು ಅಂದರೆ, ತಲೆ ಮೇಲೆ. ಮಳೆಗೆ ಅಂತ ಹೊಸ ಪತ್ರಾಸ್, ಅಂದರೆ ತಗಡಿನ ಶೀಟು, ಹೊದಿಸಿದ್ದೆ. ಬಿಸಿಲಿಗೆ ಕಾದ ಪತ್ರಾಸ್ ಕೆಳಗೆ ಕೂರುವುದೂ ಕಾದ ಹಂಚಿನ ಕೆಳಗೆ ಕೂರುವುದೂ ಒಂದೇ. ಗೋಳಗುಮ್ಮಟದ ಒಳಗೆ ಕಾಲಿಟ್ಟರೆ ಎಂಥ ಬೇಸಿಗೆಯಲ್ಲೂ ಮೈ ತಂಪಾಗುತ್ತದೆ, ಯಾಕೆ? ಆ ದಪ್ಪ ಗೋಡೆ ಬಿಸಿಲನ್ನು ಬೇಗ ಒಳಗೆ ಬಿಡುವುದಿಲ್ಲ. ಪತ್ರಾಸ್ ಹಾಗಲ್ಲ, ಹತ್ತು ನಿಮಿಷದಲ್ಲಿ ಎಲ್ಲ ಬಿಸಿಯನ್ನೂ ಕೆಳಗೆ ಇಳಿಸಿಬಿಡುತ್ತದೆ.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು. ಹಕ್ಕಿಗೆ ಬೆವರು ಬರುವುದಿಲ್ಲ. ಬೆವರಿನ ಗ್ರಂಥಿಯೇ ಇಲ್ಲ. ಅದರ ಮೈಬಿಸಿ ಯಾವಾಗಲೂ 41 ಡಿಗ್ರಿ ಆಸುಪಾಸು ಇರುತ್ತದೆ. ಹೊರಗೆ 30 ಡಿಗ್ರಿ ಇದ್ದಾಗ ಮೈಯ ಬಿಸಿ ಗಾಳಿಗೆ ಹೋಗುತ್ತದೆ. ಆದರೆ ವಿಜಯಪುರದ ಏಪ್ರಿಲ್, ಮೇ ನಿಮಗೆ ಗೊತ್ತಲ್ಲ, ಹೊರಗೇ 40, 41 ಆದಾಗ ಆ ಬಿಸಿ ಹೋಗುವುದೆಲ್ಲಿಗೆ? ಉಳಿದ ಮುಖ್ಯ ದಾರಿ ಒಂದೇ, ಬಾಯಿ ತೆರೆದು ಉಸಿರಿನ ಜೊತೆ ತೇವ ಹೊರಹಾಕುವುದು. ಅದಕ್ಕೇ ಕೊಕ್ಕು ತೆರೆಯುವುದು. "ಫ್ಯಾನ್ ಹಾಕಿದ್ದೇನೆ, ಚಿಂತೆ ಇಲ್ಲ" ಅನ್ನುವವರು ಇದನ್ನು ಕೇಳಿಸಿಕೊಳ್ಳಿ. ಫ್ಯಾನ್ ಗಾಳಿ ನಮಗೆ ತಂಪು ಅನಿಸುವುದು ನಮ್ಮ ಬೆವರು ಆರುವುದರಿಂದ. ಹಕ್ಕಿಗೆ ಅದು ಸುಮ್ನೆ ಬಿಸಿಗಾಳಿ.

ಹಾಗಾಗಿ ಮೊದಲು ನೆರಳು. ನಾನು ಪತ್ರಾಸ್ ಮೇಲೆ ಸುಣ್ಣ ಬಳಿದೆ, ಅದರ ಮೇಲೆ ಜೋಳದ ಕಣಿಕೆ ಒಂದು ಮೊಳ ದಪ್ಪ ಹಾಸಿ, ಗಾಳಿಗೆ ಹಾರದ ಹಾಗೆ ಹಗ್ಗ ಕಟ್ಟಿದೆ. ಪಶ್ಚಿಮದ ಕಡೆ, ಅಂದರೆ ಮಧ್ಯಾಹ್ನದ ಇಳಿಬಿಸಿಲು ಬಡಿಯುವ ಕಡೆ, ಗೋಣಿಚೀಲ ಬಿಚ್ಚಿ ಪರದೆ ಇಳಿಬಿಟ್ಟು ಎರಡು ತಾಸಿಗೊಮ್ಮೆ ನೀರು ಚಿಮುಕಿಸುತ್ತೇವೆ. ನಮ್ಮದು ಒಣ ಸೆಕೆ, ಗೋಣಿ ಬೇಗ ಆರುತ್ತದೆ, ಆರುವಾಗ ಗಾಳಿಯನ್ನು ತಂಪು ಮಾಡುತ್ತದೆ. ಫ್ಯಾನ್ ಇದ್ದರೆ ಆ ಗೋಣಿಯ ಹಿಂದೆ ಇಡಿ, ಆಗ ಅದಕ್ಕೆ ಅರ್ಥ ಬರುತ್ತದೆ. ಆದರೆ ನಾಲ್ಕೂ ಬದಿ ಮುಚ್ಚಬೇಡಿ, ಗಾಳಿ ಆಡಲು ಒಂದು ಬದಿ ಬಿಡಿ. ಮೋಡ ಕಟ್ಟಿ ಕುದಿ ಹಾಕುವ ದಿನ ಗೋಣಿ ಆರುವುದೇ ಇಲ್ಲ, ಅಂಥ ದಿನ ನೀರು ಕಡಿಮೆ, ಗಾಳಿ ಜಾಸ್ತಿ.

ನೀರಿಗೆ ಮಣ್ಣಿನ ತಟ್ಟೆ ಒಳ್ಳೆಯದು, ನೆರಳಲ್ಲಿಡಿ. ದಿನಕ್ಕೆ ಮೂರು ಸಲವಾದರೂ ಬದಲಿಸಿ, ಬೆಳಿಗ್ಗೆ ಹಾಕಿದ್ದನ್ನು ನಂಬಬೇಡಿ. ಮೀಯಲು ಅಗಲವಾದ, ತಳ ಆಳವಿಲ್ಲದ ಪರಾತ ಇಟ್ಟರೆ ಅವು ಕುಣಿಯುವುದನ್ನು ನೋಡಲು ಅವ್ವ ದಿನಾ ಮೇಲೆ ಹತ್ತುತ್ತಾಳೆ, ಮೊಣಕಾಲು ನೋವು ಅಂತ ಬೈದುಕೊಂಡೇ. ಸೌತೆಕಾಯಿ ತುಂಡು ಕೊಡಬಹುದು. ನೆನೆಸಿದ ಕಾಳು ಈ ಸೆಕೆಗೆ ಎರಡು ಮೂರು ತಾಸಿನಲ್ಲೇ ಹುಳಿಯಾಗುತ್ತದೆ, ಉಳಿದಿದ್ದನ್ನು ತೆಗೆದುಬಿಡಿ. ಮರಿ ಮಾಡಿಸುವ ಗಡಿಗೆಗಳನ್ನು ಮೇ ತಿಂಗಳಲ್ಲಿ ಇಳಿಸಿಡಿ, ಒಳಗೆ ಮೊಟ್ಟೆ ಮರಿ ಇದ್ದರೆ ಮಾತ್ರ ಹಾಗೇ ಬಿಡಿ.

ಹಕ್ಕಿ ಕೋಲಿನಿಂದ ಬಿದ್ದಿದ್ದರೆ ಗಾಬರಿಯಲ್ಲಿ ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಪೆಟ್ಟನ್ನು ಅದು ತಡೆಯುವುದಿಲ್ಲ. ತಣ್ಣನೆಯ ಕೋಣೆಗೆ ಒಯ್ದು, ಮಾಮೂಲಿ ನೀರಿನಿಂದ ಕಾಲು, ರೆಕ್ಕೆಯ ಕೆಳಭಾಗ ಒದ್ದೆ ಮಾಡಿ. ಬಾಯೊಳಗೆ ನೀರು ಸುರಿಯಲೇಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಮುಟ್ಟಿಸಿ, ಬೇಕಿದ್ದರೆ ಅದೇ ನೆಕ್ಕುತ್ತದೆ. ಚೇತರಿಸಿಕೊಂಡ ಹಾಗೆ ಕಂಡರೂ ಪಶುವೈದ್ಯರಿಗೆ ತೋರಿಸಿ.

ಅಂದ ಹಾಗೆ, ಬಜರಿಗರ್ ಆಸ್ಟ್ರೇಲಿಯಾದ ಒಣನಾಡಿನದು, ಅದಕ್ಕೆ ಸೆಕೆ ಏನು ಲೆಕ್ಕ ಅಂತ ಕೆಲವರು ವಾದ ಮಾಡುತ್ತಾರೆ. ಅಲ್ಲಿ ಅದು ಹಾರಿ ನೀರಿಗೆ ಹೋಗುತ್ತದೆ, ಮರದ ನೆರಳಿಗೆ ಹೋಗುತ್ತದೆ. ನಮ್ಮ ಗೂಡಿನಲ್ಲಿ ಹೋಗಲು ಜಾಗ ಎಲ್ಲಿದೆ? ನಮ್ಮ ಊರಿನ ಹಸಿರು ಗಿಣಿಯನ್ನಂತೂ ಪಂಜರದಲ್ಲಿ ಸಾಕಲೇಬಾರದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದು ಅಪರಾಧ.

ಈ ಮೇ ತಿಂಗಳಲ್ಲೂ ನಮಗೆ ಒಂದು ಮದುವೆ ಇದೆ. ಮಾಳಿಗೆಯ ಕೀಲಿಕೈ ಪಕ್ಕದ ಮನೆಯ ಹುಡುಗನ ಹತ್ತಿರ ಇರುತ್ತದೆ. 11ಕ್ಕೆ, 1ಕ್ಕೆ, 3ಕ್ಕೆ ಹತ್ತಿ ಗೋಣಿ ತೋಯಿಸಬೇಕು, ನೀರು ಬದಲಿಸಬೇಕು. ಕೂಲಿ ಮಾತಾಗಿದೆ, ಎರಡು ಕುಲ್ಫಿ. ನಮಸ್ಕಾರ.