ಜಾರುವ ಮಂಡಿಚಿಪ್ಪಿಗೆ ಬ್ರೇಸ್: ದಿಂಬು ಯಾವ ಕಡೆ ಬರಬೇಕು?

[ಮೇಜಿನ ಮೇಲೆ ಎರಡು ಬ್ರೇಸ್]

ನಮಸ್ಕಾರ. ಇವು ಬ್ರೇಸ್, ಅಂದರೆ ಮಂಡಿಗೆ ತೊಡುವ ಆಸರೆ. ಎರಡೂ ಕಪ್ಪು, ಎರಡಕ್ಕೂ ನಡುವೆ ತೂತು. ಆದರೆ ಚಿಪ್ಪು ಪದೇ ಪದೇ ಜಾರುವವರಿಗೆ ಬೇಕಾಗಿರೋದು ಬಲಗಡೆ ಇರೋದು. ತೂತಿನ ಸುತ್ತ ಬೆರಳಾಡಿಸಿ ನೋಡಿ, ಒಂದು ಅಂಚಿಗೆ ಅರ್ಧಚಂದ್ರದ ಹಾಗೆ ಗಟ್ಟಿ ದಿಂಬು ಸಿಗುತ್ತೆ. ಚಿಪ್ಪನ್ನು ತಡೆಯೋದು ಅದೇ. ಎಡಗಡೆಯದು ಮಂಡಿಯನ್ನು ಬೆಚ್ಚಗಿಡುತ್ತೆ, ಅಷ್ಟೇ.

ಚಿಪ್ಪು ಸಾಮಾನ್ಯವಾಗಿ ಜಾರೋದು ಹೊರಬದಿಗೆ. ಕಾಲು ನೆಟ್ಟಗಿದ್ದಾಗ ಅದು ತೊಡೆಮೂಳೆಯ ತೋಡಿನಲ್ಲಿ ಸರಿಯಾಗಿ ಕೂತಿರಲ್ಲ. ಸುಮಾರು 30 ಡಿಗ್ರಿ ಮಡಚಿದ ಮೇಲೇ ಒಳಗಿಳಿಯೋದು. ಅಲ್ಲಿವರೆಗೆ ಒಳಬದಿಯ ಅಸ್ಥಿರಜ್ಜು, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ಗಟ್ಟಿ ನಾರಿನ ಪಟ್ಟಿ, ಅದನ್ನು ಹಿಡಿದಿಟ್ಟುಕೊಳ್ಳಬೇಕು. ಒಂದು ಸಲ ಚಿಪ್ಪು ಪೂರ್ತಿ ಜಾರಿದವರಲ್ಲಿ ಹೆಚ್ಚಾಗಿ ಹರಿದಿರೋದು ಆ ರಜ್ಜುವೇ. ಅದಕ್ಕೇ ದಿಂಬು ಹೊರಬದಿಗೆ ಬರಬೇಕು. ಎಡಗಾಲಿನ ಬ್ರೇಸನ್ನು ಬಲಗಾಲಿಗೆ ಹಾಕಿದರೆ ದಿಂಬು ಒಳಬದಿಗೆ ಬಂದು, ಚಿಪ್ಪನ್ನು ಜಾರುವ ಕಡೆಗೇ ತಳ್ಳುತ್ತೆ!

ಕೊಳ್ಳುವಾಗ ಟೇಪ್ ಹಿಡಿದು ಅಳೆಯಿರಿ. ಕೆಲವು ಕಂಪನಿಗಳು ಚಿಪ್ಪಿನ ನಡುಭಾಗದ ಸುತ್ತಳತೆ ಕೇಳ್ತವೆ, ಕೆಲವು ಅಲ್ಲಿಂದ 15 ಸೆಂ.ಮೀ. ಮೇಲೆ ತೊಡೆಯದ್ದು.

[ಮಂಡಿ, ಹತ್ತಿರದಿಂದ]

ಕುರ್ಚಿಯ ಅಂಚಿಗೆ ಕೂತು ಕಾಲು ಸ್ವಲ್ಪವೇ ಮಡಚಿ. ಎಣ್ಣೆ, ಕ್ರೀಮ್ ಹಚ್ಚಿದ ಚರ್ಮಕ್ಕೆ ಹಾಕಬೇಡಿ, ಪ್ಯಾಂಟಿನ ಮೇಲಂತೂ ಬೇಡವೇ ಬೇಡ. ನಾಲ್ಕು ಹೆಜ್ಜೆಗೆ ಕೆಳಗಿಳಿಯುತ್ತೆ. ಬ್ರೇಸ್ ಏರಿಸಿ, ಚಿಪ್ಪು ತೂತಿನ ನಡುವೆ ಕಾಣಲಿ. ದಿಂಬಿನ ಅಂಚು ಚಿಪ್ಪಿನ ಹೊರ ಅಂಚಿಗೆ ಆತುಕೊಂಡಿರಬೇಕು, ಚಿಪ್ಪಿನ ಮೇಲೆ ಹತ್ತಬಾರದು. ಹತ್ತಿದರೆ ಮೆಟ್ಟಿಲು ಇಳಿಯುವಾಗ ಚಿಪ್ಪಿನ ಮುಂದೆ ನೋವು ಬರುತ್ತೆ, ಜನ ಬ್ರೇಸನ್ನೇ ಬಯ್ತಾರೆ. ಈಗ ಪಟ್ಟಿಗಳು. ಮೊದಲು ಕೆಳಗಿನದು, ಆಮೇಲೆ ಮೇಲಿನದು. ದಿಂಬಿನ ಪಟ್ಟಿ ಕೊನೆಗೆ, ಅದನ್ನು ಹೊರಗಿನಿಂದ ಒಳಗೆ ಎಳೆಯಿರಿ. ಪಟ್ಟಿಯಡಿ ಎರಡು ಬೆರಳು ತೂರಬೇಕು.

ಎದ್ದು ಹತ್ತು ಹೆಜ್ಜೆ ನಡೆದು ಇನ್ನೊಮ್ಮೆ ನೋಡಿ. ಪಾದದ ಮೇಲ್ಭಾಗ ಜುಮ್ಮೆಂದರೆ ತಕ್ಷಣ ಸಡಿಲಿಸಿ: ಮಂಡಿಯ ಹೊರಬದಿ, ಸ್ವಲ್ಪ ಕೆಳಗೆ ಉಬ್ಬಿರುವ ಮೂಳೆಯ ಪಕ್ಕ ಒಂದು ನರ ಚರ್ಮದಡಿಯಲ್ಲೇ ಹೋಗುತ್ತೆ, ಕೆಳಗಿನ ಪಟ್ಟಿ ಅದನ್ನು ಒತ್ತಿರುತ್ತೆ. ಡಾಕ್ಟರು ಹೇಳದ ಹೊರತು ಮಲಗುವಾಗ ಬಿಚ್ಚಿಡಿ. ವೆಲ್ಕ್ರೋ ಮುಚ್ಚಿ, ಕೈಯಲ್ಲೇ ಒಗೆದು, ನೆರಳಲ್ಲಿ ಒಣಗಿಸಿ.

ಬ್ರೇಸ್ ಇದೆ ಅಂತ ವ್ಯಾಯಾಮ ಬಿಡಬೇಡಿ, ದಯವಿಟ್ಟು. ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಗೆ ಒತ್ತುತ್ತಾ ತೊಡೆ ಬಿಗಿ ಮಾಡಿ. 5 ಸೆಕೆಂಡ್ ಹಿಡಿದು ಬಿಡಿ, 10 ಸಲ. ಮುಂದಿನದನ್ನು ಫಿಸಿಯೋಥೆರಪಿಸ್ಟ್ ನಿಮ್ಮ ಕಾಲು ನೋಡಿ ಹೇಳಲಿ.

ಚಿಪ್ಪು ಜಾರಿ ಅಲ್ಲೇ ನಿಂತಿದ್ದರೆ ಗುದ್ದಿ ಕೂರಿಸಲು ಹೋಗಬೇಡಿ, ಅದರ ಮೇಲೆ ಬ್ರೇಸೂ ಬೇಡ. ಕಾಲು ಅಲುಗದ ಹಾಗೆ ಮಲಗುವ ದಿಂಬನ್ನು ಆಸರೆಗಿಟ್ಟು ಆಸ್ಪತ್ರೆಗೆ ಹೋಗಿ. ತಾನೇ ಒಳಗೆ ಕೂತರೂ, ಕೆಲವೇ ಗಂಟೆಯಲ್ಲಿ ಮಂಡಿ ದಪ್ಪಗೆ ಊದಿದರೆ ಎಕ್ಸ್‌ರೇ ಮಾಡಿಸಲೇಬೇಕು. ಮೂಳೆಯ ಅಥವಾ ಮೃದ್ವಸ್ಥಿಯ (ಮೂಳೆಯ ತುದಿಗೆ ಹೊದ್ದ ನುಣುಪಾದ ಮೆತ್ತನೆ ಪದರ) ಚೂರು ಒಡೆದು ಕೀಲಿನೊಳಗೆ ಬಿದ್ದಿರಬಹುದು.