ಸ್ಟೀರಿಯೋಟೈಪ್‌ನಲ್ಲಿ ಈ ‘ಟೈಪ್’ ಎಲ್ಲಿಂದ ಬಂತು?

ನಮಸ್ಕಾರ. ವೀಕ್ಷಕರೊಬ್ಬರ ಪ್ರಶ್ನೆ ತಲೆಯಲ್ಲೇ ಕೂತಿದೆ. ಸ್ಟೀರಿಯೋ ಅಂದ್ರೆ ಹಾಡು ಕೇಳುವುದು, ಟೈಪ್ ಅಂದ್ರೆ ಬೆರಳಚ್ಚು. ಇವೆರಡೂ ಸೇರಿ ‘ಆ ಜನ ಎಲ್ಲಾ ಹಂಗೇ’ ಅನ್ನುವ ಅರ್ಥ ಹೇಗೆ ಬಂತು?

[ತೆರೆಯ ಮೇಲೆ: ಹಳೇ ಅಚ್ಚುಕೂಟ]

ಒಂದು ಗುಂಪಿನವರೆಲ್ಲ ಒಂದೇ ಥರ ಅಂತ ಮೊದಲೇ ಅಂದುಕೊಂಡುಬಿಡುವುದಕ್ಕೆ ಇವತ್ತು ಸ್ಟೀರಿಯೋಟೈಪ್ ಅಂತೀವಿ. ಆದರೆ ಪದ ಹುಟ್ಟಿದ್ದು ಅಚ್ಚುಕೂಟದಲ್ಲಿ. ಹಿಂದೆ ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟಬೇಕಿತ್ತು. ಮುದ್ರಣ ಮುಗಿದ ಮೇಲೆ ಮೊಳೆ ಬಿಚ್ಚಿ ಬೇರೆ ಪುಟಕ್ಕೆ ಬಳಸುತ್ತಿದ್ದರು. ಅದೇ ಪುಸ್ತಕ ಮತ್ತೆ ಬೇಕಾದರೆ? ಮೊದಲಿಂದ ಜೋಡಿಸಿ! ಅದಕ್ಕೇ ಕಟ್ಟಿದ ಪುಟದ ಪಡಿಯಚ್ಚು ತೆಗೆದು, ಲೋಹ ಹೊಯ್ದು, ಇಡೀ ಪುಟವನ್ನೇ ಒಂದು ತಗಡು ಮಾಡಿದರು. 1790ರ ದಶಕದಲ್ಲಿ ಪ್ಯಾರಿಸ್‌ನ ಮುದ್ರಕ ಫರ್ಮ್ಯಾಂ ದಿದೊ ಇದಕ್ಕೆ ಸ್ಟೀರಿಯೋಟೈಪ್ ಅಂತ ಹೆಸರಿಟ್ಟ. ಗ್ರೀಕಿನಲ್ಲಿ ‘ಸ್ಟೀರಿಯೋಸ್’ ಅಂದ್ರೆ ಗಟ್ಟಿ, ‘ಟೈಪ್’ ಅಂದ್ರೆ ಇದೇ ಅಚ್ಚುಮೊಳೆ.

ನನಗೆ ಮಜಾ ಅನಿಸಿದ್ದು ಇಲ್ಲಿ. ‘ಬೇಳೆ ಸಾರು’ ತಪ್ಪಿ ‘ಬಾಳೆ ಸಾರು’ ಆಯ್ತು ಅನ್ನಿ. ಬಿಡಿ ಮೊಳೆಯಾದರೆ ಒಂದು ಕಿತ್ತು ಇನ್ನೊಂದು ಇಟ್ಟರೆ ಮುಗೀತು. ತಗಡಾದರೆ ಆ ಜಾಗ ಕತ್ತರಿಸಬೇಕು, ಬೆಸೆಯಬೇಕು, ದೊಡ್ಡ ರಾಮಾಯಣ. ಯಾರಿಗೆ ಬೇಕು ಅಂತ ಬಿಟ್ಟರೋ, ಎಲ್ಲ ಪ್ರತಿಯಲ್ಲೂ ಬಾಳೆ ಸಾರೇ!

1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಈ ಪದವನ್ನು ಅಚ್ಚುಕೂಟದಿಂದ ಎತ್ತಿ ನಮ್ಮ ತಲೆಯೊಳಗೆ ಇಟ್ಟ. 1933ರಲ್ಲಿ ಕಾಟ್ಜ್ ಮತ್ತು ಬ್ರೇಲಿ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 100 ವಿದ್ಯಾರ್ಥಿಗಳ ಕೈಗೆ 84 ಗುಣಗಳ ಪಟ್ಟಿ ಕೊಟ್ಟು, ಯಾವ ಜನಕ್ಕೆ ಯಾವುದು ಹೊಂದುತ್ತೆ ಅಂತ ಕೇಳಿದರು. ತುರ್ಕಿಯವರಿಗೆ ಸುಮಾರು ಅರ್ಧ ಹುಡುಗರು ಅಂಟಿಸಿದ್ದು ‘ಕ್ರೂರಿ’. ಹೆಚ್ಚಿನವರಿಗೆ ಒಬ್ಬ ತುರ್ಕಿಯವನ ಪರಿಚಯವೂ ಇರಲಿಲ್ಲ. ತಗಡು ಯಾರದ್ದೋ, ಇವರು ಬರೀ ಪ್ರತಿ.

ಟೈಮ್ ಆಗ್ತಾ ಇದೆ, ಆದ್ರೂ ಸೊಳ್ಳೆ ವಿಷಯ ಬಿಡಲ್ಲ. ವೆಸ್ಟ್ ನೈಲ್ ಅಂತ ಜ್ವರ ತರುವ ಒಂದು ವೈರಸ್ ಇದೆ. ‘ಸೊಳ್ಳೆಗಳು ವೆಸ್ಟ್ ನೈಲ್ ವೈರಸ್ ಹರಡುತ್ತವೆ’ ಅಂದರೆ ಹೌದು ಅಂತೀವಿ, ಅಲ್ವಾ? ಆ ವೈರಸ್ ಇರುವ ಸೊಳ್ಳೆ ನೂರಕ್ಕೆ ಒಂದೂ ಇಲ್ಲ ಅನ್ನುತ್ತಾರೆ ತತ್ವಶಾಸ್ತ್ರಜ್ಞೆ ಸಾರಾ-ಜೇನ್ ಲೆಸ್ಲಿ. ಅಪಾಯದ ಮಾತಾದರೆ ನಾವು ಲೆಕ್ಕ ಕೇಳುವುದೇ ಇಲ್ಲ. ಜನರ ಬಗ್ಗೆ ಮಾತಾಡುವಾಗಲೂ ಇದೇ ಚಾಳಿ. ಆ ಪೈಕಿ ಒಳ್ಳೆಯವರು ಸಿಕ್ಕರೆ? ‘ಇವರು ಹಂಗಲ್ಲ ಬಿಡಿ’ ಅಂತ ಒಬ್ಬರನ್ನು ಪಕ್ಕಕ್ಕಿಡುತ್ತೇವೆ. ತಗಡು ಹಾಗೇ ಇರುತ್ತೆ.

ಕ್ಲೀಷೆ, ಅಂದ್ರೆ ಹೇಳಿ ಹೇಳಿ ಸವೆದ ಮಾತು, ಅದು ಕೂಡ ಅಚ್ಚುಕೂಟದ್ದೇ ಪದ, ಅದು ಇನ್ನೊಂದು ದಿನ.

ಹಾಂ, ಹಾಡಿನ ಸ್ಟೀರಿಯೋ! ಅದೂ ಅದೇ ಗ್ರೀಕ್ ‘ಗಟ್ಟಿ’. ಆದ್ರೆ ಜೋರು ಅನ್ನುವ ಗಟ್ಟಿ ಅಲ್ಲ. ಇದನ್ನ ನನ್ನ ಪಕ್ಕದ ಮನೆಯವರಿಗೂ ಯಾರಾದ್ರೂ ಹೇಳಿ.