ಹಳೆಯ ಮರಕ್ಕೆ ಎರಡನೇ ಕೆಲಸ

ಕೇಳುಗರಿಗೆ ನಮಸ್ಕಾರ.

ಹಳೆಯ ಕಟ್ಟಡ ಕೆಡವಿದಾಗ ಸಿಗುವ ಮರದಲ್ಲಿ ಎಷ್ಟು ಮತ್ತೆ ಬಳಕೆಗೆ ಬರುತ್ತದೆ ಎಂಬುದು ಅದು ಬಡಗಿಯ ಕೈ ಸೇರುವ ಮೊದಲೇ ತೀರ್ಮಾನವಾಗಿರುತ್ತದೆ. ಯಂತ್ರ ತಂದು ಒಂದೇ ಏಟಿಗೆ ಉರುಳಿಸಿದರೆ ತೊಲೆಗಳು ಮುರಿಯುತ್ತವೆ, ಬಾಗಿಲ ಚೌಕಟ್ಟುಗಳು ಜೋಡಣೆಯ ಜಾಗದಲ್ಲೇ ಸೀಳುತ್ತವೆ, ಮಿಕ್ಕಿದ್ದು ಸೌದೆ. ಕಟ್ಟಿದ ಕ್ರಮಕ್ಕೆ ತಿರುಗುಮುರುಗಾಗಿ ಬಿಚ್ಚಬೇಕು. ಮೊದಲು ಬಾಗಿಲು, ಕಿಟಕಿಯ ಕದಗಳು, ನಂತರ ಮಾಡಿನ ಹೊದಿಕೆ, ರೀಪು, ತೊಲೆ, ಕೊನೆಗೆ ಗೋಡೆ. ಇಟ್ಟಿಗೆಯ ಮಾತೂ ಹೀಗೆಯೇ. ಸುಣ್ಣದ ಗಾರೆಯಲ್ಲಿ ಕೂರಿಸಿದ ಇಟ್ಟಿಗೆ ಸುತ್ತಿಗೆಯ ಹದವಾದ ಏಟಿಗೆ ಇಡಿಯಾಗಿ ಬಿಟ್ಟುಬರುತ್ತದೆ. ಇಟ್ಟಿಗೆಗಿಂತ ಗಟ್ಟಿಯಾದ ಸಿಮೆಂಟು ಗಾರೆ ಹಾಕಿದ್ದರೆ ಗಾರೆ ಉಳಿದು ಇಟ್ಟಿಗೆ ಒಡೆಯುತ್ತದೆ.

ಬಿಚ್ಚಿ ತಂದ ಮರದಿಂದ ಮೊದಲು ಮೊಳೆ ತೆಗೆಯಬೇಕು. ಚೂಪು ತುದಿ ಹೊರಗೆ ಕಾಣುತ್ತಿದ್ದರೆ ಅಲ್ಲಿಂದಲೇ ಹೊಡೆದು ತಲೆಯನ್ನು ಮೇಲೆಬ್ಬಿಸಿ, ಆಮೇಲೆ ಇಕ್ಕಳದಿಂದ ಎಳೆಯಿರಿ. ಇಕ್ಕಳದ ಕೆಳಗೊಂದು ತುಂಡು ಹಲಗೆ ಇಟ್ಟರೆ ಮರಕ್ಕೆ ಗುಳಿ ಬೀಳುವುದಿಲ್ಲ. ಒಳಗೆ ಮುರಿದು ಉಳಿದ ಮೊಳೆಗಳು ಕಣ್ಣಿಗೆ ಕಾಣುವುದಿಲ್ಲ, ಒಂದೇ ಒಂದು ಸಿಕ್ಕಿದರೂ ಯಂತ್ರದ ಬ್ಲೇಡಿನ ಬಾಯಿ ಹಾರಿಹೋಗುತ್ತದೆ. ಬಲವಾದ ಆಯಸ್ಕಾಂತವನ್ನೋ ಲೋಹಶೋಧಕವನ್ನೋ ಇಂಚಿಂಚೂ ಆಡಿಸಿ ನೋಡಿ. ಮೊಳೆಯ ಸುತ್ತ ಮರ ಕಪ್ಪಾಗಿದ್ದರೆ ಅದು ಕೊಳೆತದ್ದೆಂದು ಎಸೆಯಬೇಡಿ. ಎಷ್ಟೋ ಸಲ ಅದು ಮರದ ಒಗರು ಕಬ್ಬಿಣದೊಡನೆ ಸೇರಿ ಆದ ಕಲೆ ಅಷ್ಟೆ.

ಹಳೆಯ ಬಣ್ಣದ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಅದರಲ್ಲಿ ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಿ. ಒಣಗಿದ್ದ ಹಾಗೆಯೇ ಉಜ್ಜುಕಾಗದ ಹಾಕಿದರೆ ಸೀಸದ ಪುಡಿ ಉಸಿರಿಗೆ ಹೋಗುತ್ತದೆ, ಬೆಂಕಿ ಹಿಡಿದು ಸುಟ್ಟರೆ ಹೊಗೆಯಾಗಿ ಹೋಗುತ್ತದೆ. ನೀರು ಚಿಮುಕಿಸಿ, ಸೂಕ್ಷ್ಮ ಪುಡಿ ತಡೆಯುವ ಮಾಸ್ಕ್ ಹಾಕಿಕೊಂಡು ಕೆರೆಯಬೇಕು, ಮಕ್ಕಳು ಹತ್ತಿರ ಇರಬಾರದು. ಬೇಲಿ, ಜಗಲಿಗಳಿಂದ ಬಂದ ಕೆಲವು ಮರದಲ್ಲಿ ತಿಳಿಹಸಿರು ಛಾಯೆ ಇರುತ್ತದೆ. ಅದು ತಾಮ್ರದ ಸಂರಕ್ಷಕ ಕುಡಿಸಿದ ಗುರುತು; ಹಳೆಯದಾದರೆ ಜೊತೆಗೆ ಆರ್ಸೆನಿಕ್ ಕೂಡ ಇರಬಹುದು. ಅಂಥ ಮರ ಊಟದ ಮೇಜಿಗೂ ತೊಟ್ಟಿಲಿಗೂ ಬೇಡ, ಒಲೆಗಂತೂ ಬೇಡವೇ ಬೇಡ.

ಇನ್ನು ಮರದ ಗಟ್ಟಿತನ. ಚೂಪಾದ ಸ್ಕ್ರೂಡ್ರೈವರನ್ನು ಎಳೆಗೆ ಅಡ್ಡವಾಗಿ ಚುಚ್ಚಿ ಎಬ್ಬಿಸಿ ನೋಡಿ. ಗಟ್ಟಿ ಮರ ಉದ್ದ ಸಿಬಿರಾಗಿ ಏಳುತ್ತದೆ, ಶಿಲೀಂಧ್ರ ತಿಂದ ಮರ ಪುಟ್ಟ ತುಂಡುಗಳಾಗಿ ಪಟ್ಟನೆ ಮುರಿಯುತ್ತದೆ. ಕುಟ್ಟೆ ಹುಳುವಿನ ತೂತುಗಳಿದ್ದರೆ ಹಲಗೆಯನ್ನು ತಟ್ಟಿ ಹಳೆಯ ಪುಡಿ ಉದುರಿಸಿ, ಕಪ್ಪು ಕಾಗದದ ಮೇಲೆ ಕೆಲವು ವಾರ ಇಡಿ. ಹೊಸ ಪುಡಿ ಬಿದ್ದರೆ ಹುಳು ಜೀವಂತ ಇದೆ. ಅದನ್ನು ಕೊಲ್ಲಲು ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ಮುಟ್ಟಿ 30 ನಿಮಿಷ ನಿಲ್ಲಬೇಕು. ಸಾಗಣೆಯ ಮರದ ಪ್ಯಾಲೆಟ್‌ಗಳನ್ನು ಶಾಖದಿಂದ ಸಂಸ್ಕರಿಸುವಾಗ ಅನುಸರಿಸುವ ಅಂತಾರಾಷ್ಟ್ರೀಯ ಮಾನದಂಡವೂ ಇದೇ.

ದೊಡ್ಡ ತೊಲೆ ಸಿಕ್ಕಿತೆಂದು ಅದನ್ನು ಪಟ್ಟಿಪಟ್ಟಿಯಾಗಿ ಸೀಳಲು ಹೊರಡುವವರೇ ಹೆಚ್ಚು. ತೊಲೆಯನ್ನು ತೊಲೆಯಾಗಿಯೇ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಪ್ರತಿ ಸೀಳಿಗೂ ಒಂದಿಷ್ಟು ಮರ ಹೊಟ್ಟಾಗಿ ಹೋಗುತ್ತದೆ. ಆದರೆ ಭಾರ ಹೊರಿಸುವ ಮೊದಲು ಹಳೆಯ ಕಚ್ಚುಗಳನ್ನು ನೋಡಬೇಕು. ತೊಲೆಯ ಬಾಗುಬಲ, ಅಂದರೆ ಭಾರಕ್ಕೆ ಮುರಿಯದೆ ನಿಲ್ಲುವ ಶಕ್ತಿ, ಅದರ ಎತ್ತರವನ್ನು ಅದೇ ಎತ್ತರದಿಂದ ಗುಣಿಸಿದಾಗ ಬರುವ ವರ್ಗಕ್ಕೆ ತಕ್ಕಂತೆ ಇರುತ್ತದೆ. 200 ಮಿಲಿಮೀಟರ್ ಎತ್ತರದ ತೊಲೆಯ ನಡುವೆ 50 ಮಿಲಿಮೀಟರ್ ಕಚ್ಚು ಇದ್ದರೆ ಅಲ್ಲಿ ಉಳಿಯುವುದು 150. ಎತ್ತರದಲ್ಲಿ ಹೋದದ್ದು ಕಾಲು ಭಾಗ, ಬಲದಲ್ಲಿ ಹೋದದ್ದು ಶೇಕಡಾ 44. ಕಚ್ಚು ಕೆಳಮೈಯಲ್ಲಿದ್ದರೆ ಅದರ ಮೂಲೆಯಿಂದಲೇ ಸೀಳು ಹೊರಡುವುದರಿಂದ ಹಾನಿ ಇನ್ನೂ ಹೆಚ್ಚು. ಅಂಥ ತೊಲೆಯನ್ನು ಕಚ್ಚಿನ ಜಾಗದಲ್ಲಿ ಕತ್ತರಿಸಿ ಎರಡು ಚಿಕ್ಕ ತೊಲೆ ಮಾಡಿಕೊಳ್ಳುವುದೇ ಸರಿ.

ಪೀಠೋಪಕರಣ ಮಾಡುವವರು ಸಾಮಾನ್ಯವಾಗಿ ನಕ್ಷೆ ಬರೆದು ಅದಕ್ಕೆ ಮರ ಹುಡುಕುತ್ತಾರೆ. ಹಳೆಯ ಮರದಲ್ಲಿ ಮರ ನೋಡಿ ನಕ್ಷೆ ತಿದ್ದಬೇಕು. 2400 ಮಿಲಿಮೀಟರ್ ಉದ್ದದ ಒಂದು ರೀಪು ಇದೆ, 400ರ ಆರು ಕಾಲುಗಳು ಬೇಕು ಎನ್ನಿ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಿರುಕು ಬಿಟ್ಟ ಎರಡು ತುದಿಗಳಿಂದ 40, 40 ತೆಗೆದರೆ ಉಳಿದದ್ದು 2320. ಗರಗಸ ಪ್ರತಿ ಕೊಯ್ತಕ್ಕೆ 3 ಮಿಲಿಮೀಟರ್ ತಿನ್ನುತ್ತದೆ. ಐದೇ ಕಾಲು ಸಿಕ್ಕಿ, 305 ಮಿಲಿಮೀಟರಿನ ತುಂಡೊಂದು ಮೂಲೆ ಸೇರುತ್ತದೆ. ಕಾಲನ್ನು 380ಕ್ಕೆ ಇಳಿಸಿ. ಆರು ಕಾಲಿಗೆ 2280, ನಡುವಿನ ಐದು ಕೊಯ್ತಕ್ಕೆ 15, ಒಟ್ಟು 2295. ಆರೂ ಸಿಕ್ಕಿದವು, ಇನ್ನೊಂದು ರೀಪು ಕೊಯ್ಯುವುದು ತಪ್ಪಿತು. ಕೊಯ್ಯುವಾಗ ಉದ್ದದ ತುಂಡುಗಳನ್ನೇ ಮೊದಲು ತೆಗೆಯಿರಿ, ಚಿಕ್ಕವು ಮಿಕ್ಕಿದ್ದರಲ್ಲಿ ಹೊಂದುತ್ತವೆ.

ಹಳೆಯ ಮರ ಎಂದ ಮಾತ್ರಕ್ಕೆ ಒಣಗಿದ ಮರ ಅಲ್ಲ. ಮಳೆಗೆ ಬಿದ್ದಿದ್ದ ತೊಲೆ ಮತ್ತೆ ನೀರು ಕುಡಿದಿರುತ್ತದೆ. ತುದಿಯಿಂದ ಕನಿಷ್ಠ 30 ಸೆಂಟಿಮೀಟರ್ ಒಳಗೆ ಒಂದು ತೆಳು ತುಂಡು ಕೊಯ್ದು ತೂಗಿ. 103 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. 138 ಗ್ರಾಂ ಇದ್ದದ್ದು 120ಕ್ಕೆ ನಿಂತರೆ, ಹೋದ 18ನ್ನು 120ರಿಂದ ಭಾಗಿಸಿ. ತೇವಾಂಶ ಶೇಕಡಾ 15. ಮನೆಯೊಳಗಿನ ಸಾಮಾನಿಗೆ ಸಾಮಾನ್ಯವಾಗಿ 8ರಿಂದ 12 ಬೇಕು. ಹಲಗೆಗಳ ನಡುವೆ 20ರಿಂದ 25 ಮಿಲಿಮೀಟರ್ ದಪ್ಪದ ಅಡ್ಡಪಟ್ಟಿಗಳನ್ನು ಅರ್ಧ ಮೀಟರಿಗೊಂದರಂತೆ ಇಟ್ಟು, ಗಾಳಿಯಾಡುವ ನೆರಳಲ್ಲಿ ಅಟ್ಟಿ ಮಾಡಿ. ಪಟ್ಟಿಗಳು ಒಂದರ ಮೇಲೊಂದು ನೇರವಾಗಿ ಬರಬೇಕು, ಇಲ್ಲವಾದರೆ ಹಲಗೆ ಅಲೆಅಲೆಯಾಗಿ ಬಾಗುತ್ತದೆ. ತುದಿಗಳಿಗೆ ಮೇಣ ಬಳಿಯಿರಿ. ಅಲ್ಲಿಂದ ನೀರು ಬೇಗ ಆರಿಯೇ ಸೀಳು ಬರುವುದು.

ಒಣಗಿಸಿದ ಮೇಲೂ ಮರ ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ; ಉದ್ದಕ್ಕೆ ಬಹುತೇಕ ಇಲ್ಲ. ಸಾಮಾನ್ಯವಾಗಿ ಸೀಳಿದ ತೇಗದ ಹಲಗೆಯಲ್ಲಿ ತೇವಾಂಶದ ಶೇಕಡಾ ಲೆಕ್ಕ ಒಂದು ಅಂಕಿ ಇಳಿದರೆ ಅಗಲದಲ್ಲಿ ಸುಮಾರು ಶೇಕಡಾ 0.2 ಹೋಗುತ್ತದೆ. 600 ಮಿಲಿಮೀಟರ್ ಅಗಲದ ಮೇಜಿನ ಮೇಲ್ಹಲಗೆ 15ರಿಂದ 10ಕ್ಕೆ ಇಳಿದರೆ 6 ಮಿಲಿಮೀಟರ್ ಕುಗ್ಗುತ್ತದೆ. ಅದನ್ನು ನಾಲ್ಕೂ ಕಡೆ ಬಿಗಿದಿದ್ದರೆ ಕುಗ್ಗಲು ದಾರಿಯಿಲ್ಲದೆ ನಡುವೆ ಬಿರಿಯುತ್ತದೆ. ಚೌಕಟ್ಟಿನ ನಡುವಿನ ಸ್ಕ್ರೂಗಳನ್ನು ಮಾತ್ರ ಬಿಗಿಯಾಗಿ ಹಾಕಿ. ಅಂಚಿನ ಸ್ಕ್ರೂಗಳ ತೂತನ್ನು ಹಲಗೆಯ ಎಳೆಗೆ ಅಡ್ಡವಾಗಿ ಸುಮಾರು 10 ಮಿಲಿಮೀಟರ್ ಉದ್ದಕ್ಕೆ ಕೊರೆದು, ವಾಷರ್ ಹಾಕಿ ಬಿಗಿಯಿರಿ. ಮೇಲ್ಹಲಗೆಗೂ ಚೌಕಟ್ಟಿಗೂ ನಡುವೆ ಅಂಟು ಹಚ್ಚಬೇಡಿ. ಮುಂದೆ ಇದೇ ಹಲಗೆ ಬೇರೆ ಕೆಲಸಕ್ಕೆ ಬೇಕಾದಾಗ ಸ್ಕ್ರೂ ತಿರುಗಿಸಿದರೆ ಸಾಕು, ಇಡಿಯಾಗಿ ಕೈಗೆ ಬರುತ್ತದೆ.

ನಮಸ್ಕಾರ.